ಯಜಮಾನರ ಸಹಿ

ನಾಗೇಂದ್ರ ಕೇಳಲೇ ಇಲ್ಲ. ಸಾಲದ ಅರ್ಜಿಯಲ್ಲಿ 'ವಿವಾಹಿತೆ' ಎಂಬ ಚೌಕಕ್ಕೆ ಟಿಕ್ ಹಾಕಿಬಿಟ್ಟ!

"ಇಲ್ಲಿ ನಿಮ್ಮ ಸೈನು. ಇಲ್ಲಿ ನಿಮ್ಮ ಯಜಮಾನ್ರದ್ದು. ಸ್ವಲ್ಪ ಕರೀತೀರಾ ಮೇಡಂ?"

ಬಾಗಿಲಲ್ಲಿ ನಿಂತಿದ್ದ ಕವನಳ ಕೈ ಚಿಲಕದ ಮೇಲೆಯೇ ಉಳಿಯಿತು. 'ಈಗ ಹೇಳಿಬಿಡಲಾ...?'

"ಅವರು... ಮಲಗಿದ್ದಾರೆ."

"ಸಂಜೆ ಐದೂವರೆಗೇನಾ?"

"ತಲೆನೋವು."

ಸುಳ್ಳು ಎಷ್ಟು ಸಲೀಸಾಗಿ ಬಂತು! ಅವಳ ಬೆನ್ನ ಹಿಂದಿನ ಎರಡು ಕೋಣೆಗಳಲ್ಲಿ ಫ್ಯಾನೊಂದು ತಿರುಗುತ್ತಿತ್ತು. ಇನ್ಯಾರೂ ಇರಲಿಲ್ಲ.

ಅವನ ತಪ್ಪೂ ಅಲ್ಲ ಬಿಡಿ. ಅವಳ ಕೊರಳಲ್ಲಿ ಕರಿಮಣಿ, ಹಗ್ಗದ ಮೇಲೆ ನೀಲಿ ಅಂಗಿ, ಹೊಸ್ತಿಲ ಹೊರಗೆ ಗಂಡಸಿನ ಚಪ್ಪಲಿ. ಮನೆಯೊಳಗೆ ಗಂಡಸಿದ್ದಾನೆ ಅನ್ನೋದಕ್ಕೆ ಇನ್ನೇನು ಬೇಕು?

"ಎಬ್ಬಿಸ್ಬೇಡಿ ಪಾಪ. ಶುಕ್ರವಾರ ಬರ್ತೀನಿ," ಎಂದು ನಕ್ಕು ಬೈಕ್ ಹತ್ತಿದ.

ಆ ನಗು... ಕವನ ಬಾಗಿಲು ಹಾಕಿ ಅದಕ್ಕೇ ಒರಗಿ ನಿಂತಳು.

ರಾಹುಲ್ ಹೋಗಿ ಐದು ವರ್ಷವಾಗಿತ್ತು. ಜ್ವರ ನೆತ್ತಿಗೇರಿದಾಗ ಅಕ್ಕಪಕ್ಕದವರು ಅವನನ್ನು ಬರಿಗಾಲಲ್ಲೇ ಆಟೋಗೆ ಎತ್ತಿ ಹಾಕಿಕೊಂಡು ಆಸ್ಪತ್ರೆಗೆ ಹೋಗಿದ್ದರು. ಚಪ್ಪಲಿ ಬಾಗಿಲಲ್ಲೇ ಉಳಿಯಿತು. ಟಿ. ನರಸೀಪುರದ ಆ ಬೀದಿಯಲ್ಲಿ ಓಡಾಡುವವರಿಗೆ ಒಂಟಿ ಹೆಂಗಸು ಅಂತ ಗೊತ್ತಾಗಬಾರದೆಂದು ಮೊದಮೊದಲು ಅದನ್ನು ಹಾಗೇ ಬಿಟ್ಟಳು. ಆಮೇಲೆ ದಿನಾ ಬೆಳಿಗ್ಗೆ ಗುಡಿಸಿ, ಮೂತಿ ಬಾಗಿಲ ಕಡೆಗಿರುವಂತೆ ಜೋಡಿಸಿಡುವುದು ಅಭ್ಯಾಸವಾಯಿತು. ಆಗತಾನೆ ಯಾರೋ ಒಳಗೆ ಹೋದ ಹಾಗೆ!

ಸರ್ಕಾರಿ ಕಚೇರಿಯ ಗುಮಾಸ್ತೆ ಕೆಲಸವೂ ಅವನದೇ, ಅನುಕಂಪದ ಮೇಲೆ ಅವಳಿಗೆ ಬಂದದ್ದು. ಕುರ್ಚಿಯೂ ಅವನದೇ. ಅವನ ಸಾವಿನಿಂದ ಬಂದದ್ದಲ್ಲದೆ ತನ್ನದೂ ಅಂತ ಏನಾದರೂ ಒಂದು ಬೇಕಿತ್ತು ಅವಳಿಗೆ. ನಂಜನಗೂಡಿನಲ್ಲಿ ಫ್ಯಾಕ್ಟರಿಗಳ ಹತ್ತಿರ ಎರಡು ಪೋರ್ಷನ್ನಿನ ಮನೆ ಮಾರಾಟಕ್ಕಿದೆ ಅಂತ ತಿಳಿದಾಗ, ಕೊಂಡು ಬಾಡಿಗೆಗೆ ಬಿಡೋಣ ಅಂತ ಹೊರಟಳು. ಎರಡು ಬ್ಯಾಂಕ್‌ನವರು ಒಂದೇ ಸಂಬಳಕ್ಕೆ ಅಷ್ಟು ಸಾಲ ಬರಲ್ಲ ಅಂದರು. ಆಗ ಸಿಕ್ಕವನು ಹೆಮ್ಮರಗಾಲದ ನಾಗೇಂದ್ರ. ಬ್ಯಾಂಕುಗಳಿಗೆ ಸಾಲದ ಗಿರಾಕಿ ಹುಡುಕಿಕೊಡುವ ಏಜೆಂಟ್.

"ಬರೋ ಬಾಡಿಗೇನೂ ಆದಾಯ ಅಂತ ಲೆಕ್ಕಕ್ಕೆ ತಗೊಳ್ಳೋ ಬ್ಯಾಂಕ್ ಒಂದಿದೆ ಕಣ್ರೀ," ಅಂದಿದ್ದ ಫೋನಿನಲ್ಲಿ. "ಪೇಪರ್ ಎಲ್ಲಾ ನಾನು ಜೋಡಿಸ್ತೀನಿ. ನನ್ನ ಕಮಿಷನ್ ಬ್ಯಾಂಕ್‌ನೋರು ಕೊಡ್ತಾರೆ, ನೀವು ಕಾಫಿ ಕೊಟ್ರೆ ಸಾಕು!"

ಶುಕ್ರವಾರ ಬಂದ. "ಅವರು ಮೈಸೂರಿಗೆ ಹೋಗಿದ್ದಾರೆ," ಅಂದಳು.

ಭಾನುವಾರ ಅವಳೇ ಬಸ್ಸಿನಲ್ಲಿ ನಂಜನಗೂಡಿಗೆ ಹೋಗಿ ಮನೆ ನೋಡಿದಳು. ನಾಗೇಂದ್ರ ಒಂದೊಂದೇ ನಲ್ಲಿ ತಿರುಗಿಸಿದ, ಗೋಡೆ ತಟ್ಟಿ ನೋಡಿದ, ಮಾಲೀಕ ಶಿವಸ್ವಾಮಿಯ ಜೊತೆ ಜಗಳಕ್ಕೇ ನಿಂತ.

"ಏನ್ ಸಾ, ಬಚ್ಚಲಿಗೆ ಬಾಗಿಲೇ ಇಲ್ವಲ್ಲ! ಬಾಡಿಗೆಯೋರು ಹಾಡು ಹೇಳ್ಕೊಂಡು ಸ್ನಾನ ಮಾಡ್ಬೇಕಾ?"

ಕವನ ನಕ್ಕುಬಿಟ್ಟಳು. ಐದು ವರ್ಷದಲ್ಲಿ ಮೊದಲ ಸಲ, ಗಟ್ಟಿಯಾಗಿ! ನಾಗೇಂದ್ರ ತಿರುಗಿ ನೋಡಿದ. ಮರುಕ್ಷಣ ಅವಳ ಕೊರಳ ಕರಿಮಣಿ ಕಂಡು ಕಣ್ಣು ಬೇರೆ ಕಡೆ ಹೊರಳಿಸಿದ.

ಸಂಜೆ ಮನೆಗೆ ಬಂದವಳು ಮೆಟ್ಟಿಲ ಬಳಿ ಕಲ್ಲಾದಳು.

ಬೆಳಿಗ್ಗೆ ಅವಸರದಲ್ಲಿ ಪೊರಕೆ ತಾಗಿ ಚಪ್ಪಲಿ ಚೆಲ್ಲಾಪಿಲ್ಲಿಯಾಗಿದ್ದವು. ಜೋಡಿಸಿರಲೇ ಇಲ್ಲ. ಈಗ ಎರಡೂ ಜೊತೆಯಾಗಿ, ಬಾಗಿಲಿಗೆ ಮೂತಿಯಿಟ್ಟು ಕೂತಿವೆ...

"ರಾಹುಲ್?" ದನಿ ಅವಳದೇ ಅನ್ನಿಸಲಿಲ್ಲ. "ನಾನು ನಕ್ಕಿದ್ದಕ್ಕೆ ಕೋಪ ಬಂತಾ?"

ಒಳಗೆ ಫ್ಯಾನ್ ತಿರುಗುತ್ತಲೇ ಇತ್ತು. ಆರಿಸಿ ಹೋಗಿದ್ದೆನೋ ಇಲ್ಲವೋ, ನೆನಪಾಗಲಿಲ್ಲ.

ಅಂದಿನಿಂದ ಅವಳು ನಾಗೇಂದ್ರನ ಫೋನ್ ಎತ್ತಲಿಲ್ಲ.

ನಾಲ್ಕನೇ ದಿನ ಅವನೇ ಬಂದ. ಮುಖದಲ್ಲಿ ನಗುವಿರಲಿಲ್ಲ.

"ಶಿವಸ್ವಾಮಿ ಸೋಮವಾರದ ತನಕ ಮಾತ್ರ ಕಾಯೋದಂತೆ. ಬೇರೆ ಪಾರ್ಟಿ ರೆಡಿ ಇದೆ. ಒಂದು ಸೈನಿಗೋಸ್ಕರ ಮನೆ ಕೈಬಿಟ್ಟು ಹೋಗುತ್ತೆ!"

"ಹೋಗ್ಲಿ ಬಿಡಿ."

"ನಿಜ ಹೇಳಿ. ಅವರಿಗೆ ಗೊತ್ತಿಲ್ದೆ ತಗೋತಿದೀರಾ? ಅಥವಾ ಅವರು ಬೇಡ ಅಂತಿದಾರಾ? ನಿಮಗೇನಾದ್ರೂ ಹೊಡೆದು ಬಡಿದು..."

"ದಯವಿಟ್ಟು ಹೋಗಿ!"

ಅವಳ ಕಣ್ಣಲ್ಲಿ ನೀರು ಕಂಡದ್ದೇ ತಡ, ನಾಗೇಂದ್ರನ ತಾಳ್ಮೆ ಕಡಿಯಿತು. ಬಾಗಿಲಿನತ್ತ ಮುಖ ಮಾಡಿ, ಅರ್ಜಿಯಲ್ಲಿದ್ದ ಹೆಸರು ಹಿಡಿದು ಕೂಗಿದ:

"ಸಾರ್! ರಾಹುಲ್ ಸಾರ್! ಎರಡೇ ನಿಮಿಷ ಆಚೆ ಬನ್ನಿ ಸಾರ್!"

ಐದು ವರ್ಷದಿಂದ ಆ ಹೆಸರನ್ನು ಆ ಮನೆಯೊಳಕ್ಕೆ ಯಾರೂ ಕೂಗಿರಲಿಲ್ಲ.

ಕವನ ತಿರುಗಿ ನೋಡಿದಳು. ದೇವರಾಣೆಗೂ ತಿರುಗಿ ನೋಡಿದಳು! ಕೋಣೆಯ ಪರದೆ ಸರಿಯುತ್ತದೆ, ಕಣ್ಣುಜ್ಜಿಕೊಂಡು ಬರುತ್ತಾನೆ ಅಂತ ಒಂದು ಉಸಿರಿನಷ್ಟು ಹೊತ್ತು ಕಾದಳು.

ಪರದೆ ಅಲುಗಲಿಲ್ಲ.

ಅವಳು ಹೊಸ್ತಿಲ ಮೇಲೆ ಕುಸಿದಳು. ಪಕ್ಕದ ಮನೆಯ ಮುತ್ತಮ್ಮ ಕೈಯಲ್ಲಿ ಮೊರ ಹಿಡಿದೇ ಓಡಿಬಂದಳು.

"ಯಾರ್ನ ಕರೀತಿದ್ದೀಯಪ್ಪ? ಅವ್ನು ಓಗಿ ಐದ್ ವರ್ಸ ಆಯ್ತು!"

ನಾಗೇಂದ್ರನ ಕೈಯಿಂದ ಫೈಲು ಜಾರಿತು.

"ಅಜ್ಜೀ..." ಕವನ ಬಿಕ್ಕಿದಳು. "ಭಾನುವಾರ ಚಪ್ಪಲಿ ತಾನಾಗೇ ತಿರುಗಿತ್ತು. ಅವರಿಗೆ ಇಷ್ಟ ಇಲ್ಲ..."

"ಅಯ್ಯೋ ನನ್ ಮಗಳೇ! ನಾನೇ ಕಣವ್ವ ತಿರುಗ್ಸಿದ್ದು. ನೀನು ಮರ್ತ್ಕಂಡು ಓಗಿದ್ದೆ. ಮನೇಲಿ ಯಾರೂ ಇಲ್ಲ ಅಂತ ಗೊತ್ತಾಗ್ಬಾರ್ದು ಅಂತ ಜೋಡ್ಸಿಟ್ಟೆ."

ನಾಗೇಂದ್ರ ಮೆಲ್ಲನೆ ಕೆಳಗಿನ ಮೆಟ್ಟಿಲ ಮೇಲೆ ಕೂತ.

"ತಪ್ಪು ನಂದು ಕಣ್ರೀ. ಕೇಳದೇ ಟಿಕ್ ಹಾಕ್ದೆ."

"ನಾನೂ ತಡೀಲಿಲ್ಲ. ಆ ಕಾಗದದ ಮೇಲಾದ್ರೂ ಅವರು ಇರ್ಲಿ ಅನ್ನಿಸ್ತು."

"ಮನೆ ಬೇಕಂದ್ರೆ ಹೊಸ ಅರ್ಜಿ ಬರೀಬೇಕು. ಅವರ ಮರಣ ಪ್ರಮಾಣಪತ್ರ ಕೊಡ್ಬೇಕಾಗುತ್ತೆ. ಬೇಡ ಅಂದ್ರೆ... ನಾನು ಒತ್ತಾಯ ಮಾಡಲ್ಲ."

ಅವಳು ಎದ್ದು ಒಳಗೆ ಹೋಗಿ, ಬೀರುವಿನ ಸೀರೆಗಳ ತಳದಿಂದ ಮಡಿಸಿದ ಕಾಗದ ತಂದು ಅವನ ಕೈಗಿಟ್ಟಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ.

ಮರುದಿನವೇ ಅವನು ಬ್ಯಾಂಕಿನ ಬಾಗಿಲಲ್ಲಿ ಕಾದು ನಿಂತ. ಶಿವಸ್ವಾಮಿಯ ಕಾಲು ಹಿಡಿಯುವುದೊಂದು ಬಾಕಿ, ಹಾಗೆ ಬೇಡಿ ಇನ್ನೂ ಮೂರು ವಾರ ಗಿಟ್ಟಿಸಿದ. ಸಾಲ ಮಂಜೂರಾಯಿತು, ರಿಜಿಸ್ಟ್ರೇಷನ್ ಆಯಿತು.

ಕೀಲಿಕೈ ಸಿಕ್ಕ ದಿನ ಇಬ್ಬರೂ ಆ ಖಾಲಿ ಮನೆಯಲ್ಲಿ ನಿಂತಿದ್ದರು. ಮಾತಾಡಿದರೆ ಗೋಡೆಗಳು ತಿರುಗಿ ಮಾತಾಡುತ್ತಿದ್ದವು.

"ನಿಮ್ಮ ಕೆಲಸ ಮುಗೀತು ಮೇಡಂ. ಇನ್ನು ಬರೋಕೆ ನನಗೆ ನೆಪ ಇಲ್ಲ."

"ನೆಪ ಬೇಕಾ?"

ಅವನು ನೆಲ ನೋಡಿದ. "ನೀವು ಇಲ್ಲಿ ನಕ್ಕಿರಲ್ಲ, ಅವತ್ತಿಂದ ನನಗೆ ನಿದ್ದೆ ಇಲ್ಲ. ಇನ್ನೊಬ್ಬರ ಹೆಂಡತಿ ಅಂತ ನನ್ನನ್ನ ನಾನೇ ಬೈಕೊಂಡಿದ್ದೀನಿ. ಈಗ ಹೇಳ್ತಿದೀನಿ... ನೀವಂದ್ರೆ ಇಷ್ಟ ಕವನ."

ಅವಳು ಕೀಲಿಕೈಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. ಭಯವೋ, ಸಂತೋಷವೋ!

"ಅವರು ನನ್ನ ಬಿಟ್ಟು ಹೋಗಲ್ಲ. ಮನೆ ತುಂಬಾ ಅವರೇ ಇದ್ದಾರೆ."

"ಇರ್ಲಿ. ನಾನು ಅವರನ್ನ ಕಳಿಸೋಕೆ ಬಂದಿಲ್ಲ."

"ಯಾವತ್ತಾದ್ರೂ ಮರೆತು... ಅವರ ಹೆಸರಲ್ಲಿ ನಿಮ್ಮನ್ನ ಕರೆದುಬಿಟ್ರೆ?"

"ಏನು ಅಂತ ಕೇಳ್ತೀನಿ."

"ಬೇಜಾರಾಗಲ್ವಾ?"

"ಆಗುತ್ತೆ. ಆದ್ರೂ ಎದ್ದು ಬರ್ತೀನಿ. ಕರೆದೋರು ನೀವು ತಾನೇ?"

ಕವನ ಅಳುತ್ತಲೇ ಅವನ ಅಂಗಿಯ ತೋಳು ಹಿಡಿದಳು. ಬಿಡಲಿಲ್ಲ.