ಹಿಂದೆ, ಬಿಸಿ!

ಅವಳು ಅವನನ್ನು ಮೊದಲ ಸಲ ಮುಟ್ಟಿದ್ದು ಮುಷ್ಟಿಯಿಂದ.

ಕಟ್ಟಡದ ನೆಲಮಾಳಿಗೆಯಲ್ಲಿ ಬಾಡಿಗೆದಾರರೆಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯೊಂದಿತ್ತು. ಮಷೀನುಗಳು ಗಡಗಡ ಎನ್ನುತ್ತಿದ್ದವು. ಅವಳು ಒದ್ದೆ ಬಟ್ಟೆಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. ಜಾರಿಬಿದ್ದ ಕಾಲುಚೀಲವನ್ನು ಹೆಕ್ಕಿ ಕೊಡೋಣವೆಂದು ಅವನು ಹಿಂದಿನಿಂದ ಬಂದು ಅವಳ ಭುಜ ತಟ್ಟಿದ. ಅಷ್ಟೇ. ಅವಳು ಗಿರಕ್ಕನೆ ತಿರುಗಿದಳು. ಬಿಳಿ ಮಷೀನಿನ ಮೇಲೆ ರಕ್ತ ಚಿಮ್ಮಿತು.

“ಅಯ್ಯಮ್ಮಾ!”

ಎತ್ತಿದ ಎರಡನೆಯ ಏಟು ಗಾಳಿಯಲ್ಲೇ ನಿಂತಿತು. “ಕನ್ನಡದೋರಾ?”

“ಹೌದು ರೀ.” ಮೂಗು ಮುಚ್ಚಿಕೊಂಡಿದ್ದ ಅಂಗೈಗಳ ಒಳಗಿಂದ ದನಿ ಬಂತು. “ಅಲ್ಲದೇ ಇದ್ದಿದ್ರೆ ಇನ್ನೊಂದು ಬೀಳ್ತಿತ್ತಾ?”

ಅವಳು ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ತೆಗೆಯುವವಳು. ಗೆಳೆಯರ ಬಳಗ ಅವಳನ್ನು ಕರೆಯುತ್ತಿದ್ದುದೇ ‘ಸೊಳ್ಳೆ’ ಎಂದು. ರಕ್ತ ಕಂಡರೆ ಕೈ ನಡುಗುವವಳಲ್ಲ. ಬುಟ್ಟಿ ಕವುಚಿ ಅದರ ಮೇಲೆ ಅವನನ್ನು ಕೂರಿಸಿ, ಮೂಗಿನ ಮೆದು ಭಾಗವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದಳು.

“ತಲೆ ಹಿಂದಕ್ಕೆ ಹಾಕ್ಬೇಡಿ. ಮುಂದಕ್ಕೆ ಬಗ್ಗಿ. ಬಾಯಲ್ಲಿ ಉಸಿರಾಡಿ.”

ಅವನು ಹೇಳಿದಂತೆ ಮಾಡಿದ. ನೋವಿಗೆ ಕಣ್ಣಲ್ಲಿ ನೀರು ತುಂಬಿ, ರೆಪ್ಪೆಗಳು ಒದ್ದೆಯಾಗಿ ಅಂಟಿಕೊಂಡಿದ್ದವು. ಆ ರೆಪ್ಪೆಗಳ ನಡುವಿನಿಂದ, ಅವಳ ಮುಂಗೈಯನ್ನು ದಾಟಿ, ಅವಳನ್ನೇ ನೋಡುತ್ತಿದ್ದ. ಅವಳು ಗೋಡೆ ನೋಡಿದಳು. ಗೋಡೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ.

“ಯಾಕೆ ಹೊಡೆದೆ ಅಂತ ಕೇಳಲ್ವಾ?”

“ತಪ್ಪು ನಂದೇ. ನಾನು ಹೋಟೆಲಲ್ಲಿ ಅಡುಗೆ ಮಾಡೋನು. ಅಲ್ಲಿ ಯಾರ ಬೆನ್ನ ಹಿಂದೆ ಹೋದ್ರೂ ‘ಹಿಂದೆ!’ ಅಂತ ಕೂಗ್ಲೇಬೇಕು. ಕೈಯಲ್ಲಿ ಬಿಸಿ ಪಾತ್ರೆ ಇದ್ರೆ ‘ಹಿಂದೆ, ಬಿಸಿ!’ ಅನ್ಬೇಕು. ಕೂಗದೆ ಹೋದೋನಿಗೆ ಏನಾದ್ರೂ ಆದ್ರೆ ಅವನ ಕರ್ಮ.”

ಆಮೇಲೆ ಅವನು ಕೂಗದೆ ಅವಳ ಹಿಂದೆ ಬರಲೇ ಇಲ್ಲ.

ಮೆಟ್ಟಿಲಲ್ಲಿ ಕೂಗಿದ. ಬಸ್ ನಿಲ್ದಾಣದಲ್ಲಿ ಕೂಗಿದ. ಒಂದು ಶನಿವಾರ, ಅಂಗಡಿಯಲ್ಲಿ ಈರುಳ್ಳಿ ಆರಿಸುತ್ತಿದ್ದವಳಿಗೆ ದೂರದಿಂದಲೇ “ಹಿಂದೆ!” ಎಂದು ಕೇಳಿಸಿತು. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ಮಾತ್ರ ತಿರುಗಲಿಲ್ಲ. ಬೆನ್ನಿನಲ್ಲೇ ನಕ್ಕಳು.

“ಮಾನ ಕಳೀತೀರಲ್ಲ ನನ್ನದು.”

“ಮಾನ ಹೋದ್ರೆ ಹೋಗ್ಲಿ ರೀ. ಮೂಗು ಒಂದೇ ಇರೋದು.”

ಬೆನ್ನು ಎಂಬುದು ಬರೀ ಪೆಟ್ಟು ತಿನ್ನುವ ಜಾಗ ಎಂದುಕೊಂಡಿದ್ದವಳಿಗೆ, ಈಗ ಅಲ್ಲೊಂದು ದನಿ ಕಾಯುವ ಅಭ್ಯಾಸವಾಯಿತು.

ಅವಳ ಬಲಗಿವಿಯ ಹಿಂದೆ ಹುಣಸೆಬೀಜದಷ್ಟು ಜಾಗದಲ್ಲಿ ಕೂದಲಿರಲಿಲ್ಲ. ಗಾಳಿಗೆ ಜಡೆ ಸರಿದಾಗ ಒಮ್ಮೆ ಅವನು ನೋಡಿದ. ಏನೂ ಕೇಳಲಿಲ್ಲ. ಕೇಳಲಿಲ್ಲವೆಂದೇ ಅವಳು ಹೇಳಿದಳು. ಕಟ್ಟಡದ ಹಿಂಬಾಗಿಲ ಮೆಟ್ಟಿಲ ಮೇಲೆ ಇಬ್ಬರೂ ಕಾಫಿ ಲೋಟ ಹಿಡಿದು ಕೂತಿದ್ದರು.

“ಅಣ್ಣ. ಅವನೇ ನನ್ನ ಈ ದೇಶಕ್ಕೆ ಕರ್ಕೊಂಡು ಬಂದಿದ್ದು. ಅವನ ಸ್ನೇಹಿತನ್ನ ಮದುವೆ ಆಗು ಅಂದ. ಆಗಲ್ಲ ಅಂದೆ. ಮುಖಕ್ಕೆ ಮುಖ ಕೊಟ್ಟು ಹೊಡೀತಿರ್ಲಿಲ್ಲ. ಅಡುಗೆ ಮಾಡ್ತಿರ್ತೀನಿ, ಪಾತ್ರೆ ತೊಳೀತಿರ್ತೀನಿ, ಹಿಂದಿನಿಂದ ಬರೋನು. ಬೆಲ್ಟು, ಕುಕ್ಕರ್ ಮುಚ್ಚಳ, ಕೈಗೆ ಸಿಕ್ಕಿದ್ದು. ಒಂದಿನ ಕೂದಲು ಕಿತ್ತು ಕೈಯಲ್ಲೇ ಬಂತು. ಅವತ್ತು ಆಸ್ಪತ್ರೆಗೆ ಕೆಲಸಕ್ಕೆ ಅಂತ ಹೋದೋಳು ಮನೆಗೆ ವಾಪಸ್ ಹೋಗ್ಲಿಲ್ಲ. ಆಸ್ಪತ್ರೆನೂ ಬದಲಾಯಿಸ್ದೆ. ನಾನಿರೋದು ಇಲ್ಲಿ ಅಂತ ಅವನಿಗೆ ಗೊತ್ತಿಲ್ಲ. ಗೊತ್ತಾದ್ರೆ ಎಳ್ಕೊಂಡು ಹೋಗ್ತಾನೆ.”

ಅವನ ಕೈಯಲ್ಲಿದ್ದ ಕಾಗದದ ಲೋಟ ಮುದುಡಿ, ಕಾಫಿ ಮಂಡಿಯ ಮೇಲೆ ಚೆಲ್ಲಿತು. “ಎಲ್ಲಿರೋದು ಅವನು?”

“ಬೇಡ.” ಅವಳು ಆ ಕೈಯನ್ನೇ ನೋಡಿದಳು. ದಿನವಿಡೀ ಮೂಳೆ ಕತ್ತರಿಸುವ ಕೈ. “ನನಗೆ ಹೊಡೆಯೋ ಕೈ ಬೇಡ. ನನ್ನ ಪರವಾಗಿ ಹೊಡೆಯೋ ಕೈನೂ ಬೇಡ. ಮಾತು ಕೊಡಿ.”

ಅವನು ಕೈಯನ್ನು ಅಂಗಾತ ಮಾಡಿ ಅವಳ ಮುಂದೆ ಚಾಚಿದ. ಅವಳು ತನ್ನದನ್ನು ಅದರ ಮೇಲಿಟ್ಟಳು.

ಬಾರ್ಬೆಕ್ಯೂ ಮಾಡೋಣ ಎಂದು ಹೊರಟವಳು ಮೇಲಿನ ಮನೆಯ ಅಕ್ಕ. ಪರದೇಶದಲ್ಲಿ ನಾಲ್ಕು ಕನ್ನಡದ ಮನೆಗಳಿದ್ದರೆ ಅವನ್ನೆಲ್ಲ ಸೆರಗಿಗೆ ಗಂಟು ಹಾಕಿಕೊಳ್ಳುವಂಥವಳು. ಅವಳ ಗಂಡ ಲಾರಿ ಓಡಿಸುತ್ತಿದ್ದ, ಎಲ್ಲರಿಗೂ ಭಾವ. ಇದ್ದಿಲು ತರುವ ಕೆಲಸ ಭಾವನದು, ಕೋಳಿ ಅಡುಗೆಯವನದು, ಜೋಳದ ತೆನೆ ಸುಲಿಯುವುದು ಸೊಳ್ಳೆಯದು, ಎಲ್ಲರನ್ನೂ ಗದರುವುದು ಅಕ್ಕನದು.

ಭಾನುವಾರ ಮಧ್ಯಾಹ್ನ ಹಿತ್ತಲಿನ ಇಟ್ಟಿಗೆ ಒಲೆಯಲ್ಲಿ ಕೆಂಡ ಕಣ್ಣು ಬಿಟ್ಟಿತು. ಅಕ್ಕ ಕಬ್ಬಿಣದ ಜಾಲರಿಯ ಅರ್ಧಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ ಗಡಿ ಕಟ್ಟಿದಳು.

“ಈ ಕಡೆ ನಮ್ಮ ಜೋಳ, ಆಲೂಗಡ್ಡೆ. ಆ ಕಡೆ ನಿಮ್ಮ ಕೋಳಿ. ಒಂದು ಹನಿ ಈ ಕಡೆ ಹಾರಿದ್ರೂ ನಾನು ಮನುಷ್ಯಳಲ್ಲ.”

“ಅಕ್ಕಾ, ಹೊಗೆಗೆ ಹೇಗೆ ಹೇಳೋದು ಗಡಿ ದಾಟ್ಬೇಡ ಅಂತ?” ಅಡುಗೆಯವನು ಕೇಳಿದ.

“ನೀನು ಮೊದಲು ಕಣ್ಣಿಗೆ ಹೇಳು. ಆವಾಗ್ಲಿಂದ ಜೋಳದ ಕಡೆನೇ ದಾಟ್ತಾ ಇದೆ.”

ಭಾವ ಹೊಟ್ಟೆ ಕುಲುಕಿಸಿ ನಕ್ಕ. ಅವಳು ತಲೆ ತಗ್ಗಿಸಿ ತೆನೆಯ ಸಿಪ್ಪೆ ಎಳೆದಳು. ಅವನು ಹಲಗೆಯ ಮೇಲೆ ಕೋಳಿಯನ್ನಿಟ್ಟು ಒಂದೇ ಏಟಿಗೆ ಎದೆ ಸೀಳಿದ. ಮೂಳೆ ಲಟ್ಟೆಂದಿತು. ಆ ಕತ್ತಿಗೂ ಆ ಸದ್ದಿಗೂ ತನಗೆ ಭಯವೇ ಆಗಲಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಅವನು ತಲೆಯೆತ್ತಿದ. ಹೊಗೆಗೋ ಏನೋ, ಇಬ್ಬರ ಕಣ್ಣೂ ಕೆಂಪಗಾಗಿದ್ದವು. ಇವತ್ತು ಹೇಳಿಬಿಡುತ್ತಾನೆ ಎಂದು ಅವಳಿಗೆ ಅನ್ನಿಸಿತು. ಹೇಳಲಿ ಎಂದೂ ಅನ್ನಿಸಿತು.

“ಇವತ್ತು ನಿನಗೊಂದು ಸರ್ಪ್ರೈಸ್ ಇದೆ ಕಣೇ ಸೊಳ್ಳೆ,” ಎಂದಳು ಅಕ್ಕ, ಬೀಗುತ್ತ. “ಅಂಗಡೀಲಿ ಸಿಕ್ಕಿದ್ರು. ಕನ್ನಡದೋರು ಅಂತ ಮಾತಾಡಿಸ್ದೆ, ನೋಡಿದ್ರೆ ನಿಮ್ಮಣ್ಣ. ನಿನ್ನ ಹೆಸರೆತ್ತಿದ ತಕ್ಷಣ ಕಣ್ಣೀರು ಹಾಕ್ಕೊಂಡ್ರು. ಅಣ್ಣ ತಂಗಿ ಅಂದ್ಮೇಲೆ ಒಂದು ಮಾತು ಬರುತ್ತೆ, ಒಂದು ಮಾತು ಹೋಗುತ್ತೆ. ಒಟ್ಟಿಗೆ ಕೂತು ಉಂಡ್ರೆ ಎಲ್ಲ ಸರಿಹೋಗುತ್ತೆ ಅಂತ ನಾನೇ ಕರೆದೆ.”

ತೆನೆ ಅವಳ ಕೈಯಿಂದ ಜಾರಿತು. ಅಣ್ಣನ ಜೊತೆ ಮಾತು ಬಿಟ್ಟಿದ್ದೇನೆ ಎಂದಷ್ಟೇ ಅವಳು ಅಕ್ಕನಿಗೆ ಹೇಳಿದ್ದಳು.

“ನಿಮ್ಮ ಹಿಂದೆ!” ಅಡುಗೆಯವನು ಕಿರುಚಿದ.

ತಡವಾಗಿತ್ತು. ಕತ್ತಿನ ಮೇಲೆ ಗುರುತಿನ ಕೈ ಬಿದ್ದಾಗಿತ್ತು.

“ಮನೆಗೆ ನಡಿ,” ಎಂದ ಅಣ್ಣ, ಮೆಲ್ಲಗೆ, ನಗುತ್ತ. ಇನ್ನೊಂದು ಕೈಯಲ್ಲಿ ಸಿಹಿಯ ಡಬ್ಬ ಇತ್ತು. “ಎಲ್ಲರ ಮುಂದೆ ಆಟ ಆಡ್ಬೇಡ.”

“ಬರಲ್ಲ.”

ಡಬ್ಬ ನೆಲಕ್ಕೆ ಬಿತ್ತು. ಅಣ್ಣ ಜಡೆಯನ್ನು ಮುಂಗೈಗೆ ಸುತ್ತಿ ಎಳೆದ. ಅವಳ ಜೊತೆಗೆ ಮೇಜೂ ಮಗುಚಿತು, ತಟ್ಟೆಗಳು ಒಡೆದವು, ಒಡೆದ ಚೂರುಗಳ ಮೇಲೆ ಅವಳನ್ನು ಎಳೆದ. ಮೊಣಕೈ ಸೀಳಿ ರಕ್ತ ಇಳಿಯಿತು. “ಬಿಡ್ರೀ! ಏನ್ರೀ ಇದು!” ಎಂದು ಅಕ್ಕ ಕೂಗಿಕೊಂಡಳು. ಅಡ್ಡ ಬಂದ ಭಾವನ ಹೊಟ್ಟೆಗೆ ಅಣ್ಣ ಒದ್ದ. ಭಾವ ಮಡಚಿಕೊಂಡು ಕೂತ.

ಅಡುಗೆಯವನು ಬಂದು ಇಬ್ಬರ ನಡುವೆ ನಿಂತ. ಹೊಡೆಯಲಿಲ್ಲ. ಜಡೆ ಹಿಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ, ಅಷ್ಟೇ. ಅಣ್ಣ ಅವನ ಬಾಯಿಗೆ ಗುದ್ದಿದ. ಮತ್ತೆ ಗುದ್ದಿದ. ತುಟಿ ಒಡೆಯಿತು, ಹುಬ್ಬು ಒಡೆಯಿತು. ಅವನು ಬಿದ್ದ, ಎದ್ದ, ಮತ್ತೆ ಅದೇ ಜಾಗದಲ್ಲೇ ನಿಂತ.

“ಯಾವನೋ ನೀನು? ಇವಳ ಏನಾಗ್ಬೇಕು?”

ಅವನು ರಕ್ತ ಉಗುಳಿದ. “ಅವರು ಹೂಂ ಅಂದ್ರೆ, ಎಲ್ಲ ಆಗ್ಬೇಕು ಅಂತಿದೀನಿ.”

ಅಣ್ಣ ಅವನನ್ನು ಒಲೆಗೆ ದಬ್ಬಿ, ಅವನ ಎಡಗೈಯನ್ನು ಹಿಡಿದು ಜಾಲರಿಗೆ ಒತ್ತಿದ. ಚರ್ಮ ಚುರ್ರೆಂದಿತು. ಅವನ ಗಂಟಲಿನಿಂದ ಬಂದ ಕೂಗು ಮನುಷ್ಯನದಾಗಿರಲಿಲ್ಲ. ಅಡುಗೆಯವನ ಬಲಗೈಗೆ ಕೆಂಡ ಕೆದಕುವ ಕಬ್ಬಿಣದ ಸಲಿಕೆ ಸಿಕ್ಕಿತು. ಎತ್ತಿದ. ಅಣ್ಣನ ತಲೆ ಒಂದು ಮಾರು ದೂರದಲ್ಲೂ ಇರಲಿಲ್ಲ. ಒಂದು ಏಟು ಸಾಕಿತ್ತು.

ಅವನು ಅವಳನ್ನು ನೋಡಿದ. ಸಲಿಕೆಯನ್ನು ಕೈಬಿಟ್ಟ.

ಅಣ್ಣ ಹಲಗೆಯ ಮೇಲಿದ್ದ ಕತ್ತಿ ಎತ್ತಿಕೊಂಡ.

ಅವಳು ಹೇಗೆ ಎದ್ದಳೋ ಅವಳಿಗೇ ತಿಳಿಯದು. ಒಲೆಯ ಮೂಲೆಯಲ್ಲಿ ಈರುಳ್ಳಿ ಸೀಯುತ್ತಿದ್ದ ಎರಕದ ಬಾಣಲೆಯ ಹಿಡಿ ಅವಳ ಎರಡೂ ಕೈಯಲ್ಲಿತ್ತು. ಅಣ್ಣನ ಬೆನ್ನು ಅವಳ ಎದುರಿಗಿತ್ತು. ಇಷ್ಟು ವರ್ಷ ಅವನು ಅವಳಲ್ಲಿ ಕಂಡಿದ್ದೂ ಇದನ್ನೇ, ಬೆನ್ನನ್ನೇ. ಬೀಸಿದ್ದರೆ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ.

“ಹಿಂದೆ!” ಎಂದು ಕೂಗಿದಳು. “ಬಿಸಿ!”

ಅಣ್ಣ ತಿರುಗಿದ. ಅವಳು ಅವನ ಕಣ್ಣು ನೋಡಿ ಹೊಡೆದಳು.

ಮೊದಲ ಏಟಿಗೆ ಮಣಿಕಟ್ಟು ಮುರಿದು ಕತ್ತಿ ಬಿತ್ತು. ಎರಡನೆಯದು ದವಡೆಗೆ. ಹಲ್ಲೊಂದು ಹಾರಿ ಅಕ್ಕನ ಫಾಯಿಲ್ ಮೇಲೆ, ಆಲೂಗಡ್ಡೆಗಳ ನಡುವೆ ಬಿತ್ತು. ಅಣ್ಣ ಮಂಡಿಯೂರಿದ. ಅವಳು ಬಾಣಲೆಯನ್ನು ಮತ್ತೆ ತಲೆಯ ಮೇಲಕ್ಕೆ ಎತ್ತಿದಳು. ಈಗ ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ, ಅಕ್ಕನ ಅಳುವೂ ಇಲ್ಲ, ಭಾವನ ಕೂಗೂ ಇಲ್ಲ. ಇದೊಂದು ಏಟು ಬಿದ್ದರೆ ಅಣ್ಣ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದು ಬೇಕಾಗಿತ್ತು.

“ಹಿಂದೆ.”

ಮೆಲ್ಲಗೆ, ಒಡೆದ ತುಟಿಯಿಂದ.

“ಹಿಂದೆ. ನಾನು.”

ಅವಳ ಭುಜದ ಮೇಲೆ ಅವನ ಸುಟ್ಟಿರದ ಕೈ ಬಿತ್ತು. ಬಟ್ಟೆ ಒಗೆಯುವ ಕೋಣೆಯಲ್ಲಿ ತಟ್ಟಿದ ಅದೇ ಭುಜ. ಅವಳು ಗಿರಕ್ಕನೆ ತಿರುಗಲಿಲ್ಲ. ಬಾಣಲೆಯನ್ನು ನಿಧಾನವಾಗಿ ಕೆಳಗಿಳಿಸಿದಳು. ಭಾವ ಬಂದು ಅಣ್ಣನ ಬೆನ್ನ ಮೇಲೆ ತನ್ನ ಪೂರ್ತಿ ಭಾರ ಹೇರಿ ಕೂತ. ಪೊಲೀಸರು ಬರುವವರೆಗೂ ಏಳಲಿಲ್ಲ.

ಆಸ್ಪತ್ರೆಯಲ್ಲಿ, ಅವಳದೇ ಆಸ್ಪತ್ರೆಯಲ್ಲಿ, ಅವನ ಅಂಗೈಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿದರು. ಅವಳ ಮೊಣಕೈಗೆ ಹೊಲಿಗೆ ಬಿತ್ತು. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದ್ದರು.

“ಸಲಿಕೆ ಯಾಕೆ ಬಿಟ್ರಿ?” ಅವಳು ಸಿಟ್ಟಿನಿಂದ ಕೇಳಿದಳು. ಅಳುವೂ ಅದರೊಳಗೇ ಇತ್ತು. “ಸತ್ತೇ ಹೋಗ್ತಿದ್ರಲ್ಲ!”

“ಮಾತು ಕೊಟ್ಟಿದ್ದೆ.”

“ಮಾತಂತೆ ಮಾತು. ಅಷ್ಟೂ ತಿಳಿಯಲ್ವಾ ನಿಮಗೆ? ಸಾಯೋ ಹಾಗಿದ್ರೆ ಹೊಡೀಬೇಕು!”

“ಮುಂಚೆನೇ ಹೇಳ್ಬೇಕಿತ್ತು ರೀ ಅದನ್ನ.” ನಗಲು ಹೋಗಿ ತುಟಿ ಮತ್ತೆ ಒಡೆಯಿತು. “ನೀವು ಮಾತ್ರ ಎರಡು ಕೊಟ್ರಿ?”

“ನಾನೆಲ್ಲಿ ಮಾತು ಕೊಟ್ಟಿದ್ದೆ?”

ಅವನು ನಕ್ಕ. ರಕ್ತ ಗಲ್ಲದ ಮೇಲಿಳಿಯಿತು. ಅವಳು ಹತ್ತಿಯಿಂದ ಒರೆಸುತ್ತ ಕೇಳಿದಳು, “ನಾನು ಹೂಂ ಅಂದ್ರೆ ಎಲ್ಲ ಆಗ್ಬೇಕು ಅಂದ್ರಲ್ಲ. ಎಲ್ಲ ಅಂದ್ರೆ?”

“ಎಲ್ಲ ಅಂದ್ರೆ... ಎಲ್ಲ. ಅಡುಗೆಯೋನು. ಬಟ್ಟೆ ಒಗೆಯೋನು. ಬೈಸ್ಕೊಳ್ಳೋನು.” ಅವನು ನೆಲ ನೋಡಿದ. “ಗಂಡ.”

ಅವಳು ಹೂಂ ಎನ್ನಲಿಲ್ಲ. ಹತ್ತಿ ಹಿಡಿದ ಕೈಯನ್ನು ಅವನ ಗಲ್ಲದಿಂದ ತೆಗೆಯಲೂ ಇಲ್ಲ.

ಮತ್ತೆ ಹಿತ್ತಲಿನ ಒಲೆ ಹೊತ್ತಿಸುವಷ್ಟರಲ್ಲಿ ಬೇಸಿಗೆ ಮುಗಿಯುತ್ತ ಬಂದಿತ್ತು. ಅಣ್ಣ ಜೈಲಿನಲ್ಲಿದ್ದ, ಹೊರಬಂದ ಮೇಲೂ ಅವಳ ಹತ್ತಿರ ಸುಳಿಯಬಾರದೆಂದು ಕೋರ್ಟು ಹೇಳಿತ್ತು. ಅಕ್ಕ ಇಷ್ಟು ದಿನ ಅತ್ತು ಅತ್ತು, ಊಟ ಹೊತ್ತು ತಂದು, ಈಗ ಸ್ವಲ್ಪ ಸುಧಾರಿಸಿಕೊಂಡಿದ್ದಳು.

“ಈ ಸಲ ಯಾರನ್ನೂ ಕರೆದಿಲ್ಲ ಕಣೇ. ನಮ್ಮಮ್ಮನಾಣೆ.”

“ಹೊಸ ಜಾಲರಿ ತಂದಿದೀವಿ,” ಎಂದ ಭಾವ. “ಹಲ್ಲು ಬಿದ್ದ ಕಡೆ ಜೋಳ ಸುಡಲ್ಲ ಅಂತ ಹಟ ಇವಳದು.”

“ಮತ್ತೆ? ಅಷ್ಟು ದೊಡ್ಡ ಹಿತ್ತಲು ಬಿಟ್ಟು ನನ್ನ ಆಲೂಗಡ್ಡೆ ಮೇಲೇ ಬೀಳ್ಬೇಕಿತ್ತಾ ಅದು!”

ಎಲ್ಲರೂ ನಕ್ಕರು. ಅಡುಗೆಯವನೂ ನಕ್ಕ. ಆದರೆ ಕೋಳಿಯ ಕೊಬ್ಬು ಕೆಂಡಕ್ಕೆ ಬಿದ್ದು ಚುರ್ರೆಂದಾಗ ಅವನು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ. ಇಕ್ಕಳ ಹಿಡಿದ ಎಡಗೈ, ನುಣ್ಣನೆಯ ಗುಲಾಬಿ ಕಲೆಯ ಕೈ, ನಡುಗುತ್ತಿತ್ತು. ಯಾರೂ ನೋಡಲಿಲ್ಲವೆಂದುಕೊಂಡು ಅದನ್ನು ಹೊಟ್ಟೆಗೆ ಅವುಚಿಕೊಂಡ.

ಅವಳು ನೋಡಿದ್ದಳು. ಹಾಗೆ ಬೆಚ್ಚುವುದು ಏನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಹುಲ್ಲಿನ ಮೇಲೆ ಅವಳ ಹೆಜ್ಜೆ ಕೇಳಿಸುತ್ತಿರಲಿಲ್ಲ. ಅದಕ್ಕೇ ಕೂಗಿದಳು.

“ಹಿಂದೆ!”

ಅವನ ಭುಜಗಳು ಸಡಿಲಗೊಂಡವು. ಅವಳು ಅವನ ಬೆನ್ನಿಗೆ ಹಣೆಯಿಟ್ಟು, ತೋಳ ಕೆಳಗಿಂದ ಕೈ ಚಾಚಿ, ಇಕ್ಕಳ ಹಿಡಿದ ಆ ಕಲೆಯ ಕೈಯನ್ನು ತನ್ನ ಕೈಯಲ್ಲಿ ಮುಚ್ಚಿಕೊಂಡಳು. ಇಬ್ಬರೂ ಒಟ್ಟಿಗೆ ಒಂದು ಹೆಜ್ಜೆ ಮುಂದಿಟ್ಟರು. ಮತ್ತೊಂದು ಹೆಜ್ಜೆ. ಕೆಂಡದ ಕಾವು ಇಬ್ಬರ ಮುಖಕ್ಕೂ ಹೊಡೆಯಿತು.

“ಅಕ್ಕ ನೋಡ್ತಿದಾಳೆ ರೀ,” ಅವನು ಪಿಸುಗುಟ್ಟಿದ.

“ನೋಡ್ಲಿ. ಅವತ್ತು ಬೆಂಚಿನ ಮೇಲೆ ಒಂದು ಹೇಳೋದು ಬಾಕಿ ಉಳಿದಿತ್ತು.”

“ಏನು?”

ಕೊಬ್ಬು ಮತ್ತೆ ಚುರ್ರೆಂದಿತು. ಈ ಸಲ ಕೈ ಅಲುಗಲಿಲ್ಲ. ಇಬ್ಬರ ಕೈಯೂ ಸೇರಿ ಕೋಳಿಯನ್ನು ಮಗುಚಿ ಹಾಕಿತು.

“ಹೂಂ,” ಎಂದಳು ಅವಳು, ಅವನ ಬೆನ್ನಿಗೆ.