ಬೇಡ ಎಂದ ಬ್ರೋಕರ್

ಖಾಲಿ ಮನೆಯ ಬಾಗಿಲಲ್ಲಿ ಒಬ್ಬ ಗಂಡಸು ಕೈಯಲ್ಲಿ ನಲವತ್ತು ಕೀಲಿಗಳ ಗೊಂಚಲು ಹಿಡಿದು ನಿಂತಿದ್ದರೆ ಅವನನ್ನು ಯಾರೆಂದುಕೊಳ್ಳಬೇಕು? ಫೋನಿನಲ್ಲಿ ಮಾತಾಡಿದ್ದ ಬ್ರೋಕರ್ ಇವನೇ ಎಂದುಕೊಂಡೆ. ತಪ್ಪು ನನ್ನದಲ್ಲ ಎಂದು ಇವತ್ತಿಗೂ ವಾದಿಸುತ್ತೇನೆ.

"ತುಂಬಾ ಹೊತ್ತು ಕಾಯಿಸಿಬಿಟ್ನಾ?" ಎಂದೆ.

"ಇಲ್ಲ, ಬಾಗಿಲು ಈಗ ತಾನೇ ತೆಗೆದೆ," ಎಂದು ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ನನ್ನ ಅವಸರವೇನೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಆಸ್ಪತ್ರೆಯಲ್ಲಿ ಕೃತಕ ಕಾಲು ಮಾಡಿ ಜೋಡಿಸುವವಳು. ಈ ಊರಿಗೆ ವರ್ಗವಾಗಿತ್ತು. ಆಸ್ಪತ್ರೆಯವರು ಹೊಳೆಯಾಚೆ ಕ್ವಾರ್ಟರ್ಸ್ ಕೊಡುತ್ತಿದ್ದರು. ಬೇಕೋ ಬೇಡವೋ ಶನಿವಾರದೊಳಗೆ ತಿಳಿಸಬೇಕು. ಹನ್ನೊಂದು ವರ್ಷದಲ್ಲಿ ಆರು ಕ್ವಾರ್ಟರ್ಸ್ ಕಂಡವಳು ನಾನು. ಎಲ್ಲಿ ಹೋದರೂ ಅದೇ ಹಳದಿ ಗೋಡೆ, ಅದೇ ಡ್ಯೂಟಿಯ ಮಾತು. ಈ ಸಲವಾದರೂ ನಾನೇ ಆರಿಸಿದ ಬೀದಿಯಲ್ಲಿ ಬದುಕಬೇಕು, ನನ್ನನ್ನು ಸಾಕಿದ ಚಿಕ್ಕಮ್ಮನನ್ನೂ ಕರೆತರಬೇಕು ಎಂದು ಹಟ ಹಿಡಿದಿದ್ದೆ. ಅವತ್ತು ಸೋಮವಾರ.

"ಮನೆ ಹೇಗೆ?" ಎಂದು ಕೇಳಿದೆ.

ಅವನು ನನ್ನನ್ನೇ ನೋಡಿದ. ನಗು ಕಣ್ಣಿನವರೆಗೆ ಬಂತು, ತುಟಿಗೆ ಮಾತ್ರ ಇಳಿಯಲಿಲ್ಲ. "ನಿಜ ಹೇಳ್ಲಾ?"

"ಸುಳ್ಳು ಹೇಳೋರನ್ನ ಬೆಳಗ್ಗೆಯಿಂದ ಮೂರು ಜನರನ್ನ ನೋಡಿದೀನಿ."

"ಹಾಗಾದ್ರೆ ಬೇಡ. ಮಧ್ಯಾಹ್ನದ ಬಿಸಿಲೆಲ್ಲ ಅಡುಗೆಮನೆಗೇ ಹೊಡೆಯುತ್ತೆ. ಮೇಲಿನ ಮನೆಯವರು ಬೆಳಗ್ಗೆ ಐದಕ್ಕೇ ಕುರ್ಚಿ ಎಳೀತಾರೆ. ಯಾಕೆ ಅಂತ ಇಲ್ಲೀತನಕ ಯಾರಿಗೂ ಗೊತ್ತಾಗಿಲ್ಲ."

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ, ಬ್ರೋಕರುಗಳಿಗೆ ತಮ್ಮ ಕೈಯಲ್ಲಿರುವ ಪ್ರತಿ ಮನೆಯೂ ಅರಮನೆ. ಬೇಡ ಎನ್ನುವ ಬ್ರೋಕರನ್ನು ನಾನು ಕಂಡದ್ದು ಅದೇ ಮೊದಲು. ಇವನನ್ನು ಬಿಟ್ಟರೆ ಕೆಟ್ಟೆ ಎನಿಸಿತು. ಈ ಕಡೆ ಇರುವ ಬೇರೆ ಮನೆಗಳನ್ನೂ ತೋರಿಸಿ ಎಂದು ದುಂಬಾಲು ಬಿದ್ದೆ. ಅವನು ಗಡಿಯಾರ ನೋಡಿದ, ನನ್ನನ್ನು ನೋಡಿದ, ಕೀಲಿಗೊಂಚಲನ್ನು ಚೀಲಕ್ಕೆ ಹಾಕಿದ.

"ನಡೀರಿ."

ಆ ಮಧ್ಯಾಹ್ನ ಏಳು ಬೀದಿ ಸುತ್ತಿದೆವು. ಮನೆಗಳನ್ನು ಹೊರಗಿನಿಂದಲೇ ತೋರಿಸಿದ. ಆದರೆ ಒಂದೊಂದರ ಜಾತಕವೂ ಅವನಿಗೆ ಬಾಯಿಪಾಠ.

"ನಾನು ಚಿಕ್ಕವನಿದ್ದಾಗ ಊರು ಇಲ್ಲಿಗೆ ಮುಗೀತಿತ್ತು. ಬಸ್ಸು ಇಲ್ಲೇ ತಿರುಗಿಸ್ಕೊಂಡು ವಾಪಸ್ ಹೋಗೋದು. ಎಲ್ಲರೂ ಒಂದೇ ಕಾರ್ಖಾನೆಯವರು, ಬಾಗಿಲಿಗೆ ಬರೀ ಚಿಲಕ. ಕಾರ್ಖಾನೆ ಮುಚ್ಚಿದ ವರ್ಷ ಸಾಲಾಗಿ ದಪ್ಪ ದಪ್ಪ ಬೀಗ ಬಿದ್ವು. ಹಿಂದುಗಡೆ ಕಾಲೇಜು ಬಂದ ಮೇಲೆ ಮತ್ತೆ ತೆರೆದ್ವು. ಒಂದು ಬಾಗಿಲಿಗೆ ನಾಲ್ಕು ಜನ ಸ್ಟೂಡೆಂಟ್ಸು, ನಾಲ್ಕು ಕೀಲಿ, ವಾರಕ್ಕೆರಡು ಕಳೆದು ಹೋಗೋದು."

"ಈಗ?"

"ಈಗ ಮಕ್ಕಳಿರೋರು ಬರ್ತಿದಾರೆ. ಚಿಲಕ ಮೇಲಕ್ಕೆ ಹಾಕಿಸ್ತಾರೆ, ಮಗು ಕೈಗೆ ಎಟಕಬಾರದು ಅಂತ. ನನಗೆ ಆ ಕೆಲಸ ತುಂಬಾ ಇಷ್ಟ."

ಬಾಗಿಲು ಬಿಟ್ಟರೆ ಈ ಮನುಷ್ಯನಿಗೆ ಬೇರೆ ಮಾತಿಲ್ಲವಲ್ಲ ಎನಿಸಿತೇ ಹೊರತು, ಯಾಕೆಂದು ಹೊಳೆಯಲಿಲ್ಲ. ಆದರೂ ಕೇಳುತ್ತಲೇ ಇರೋಣ ಎನಿಸುವಂಥ ದನಿ. ಹಳೆಯದು ಹೋಯಿತೆಂಬ ಗೋಳಿಲ್ಲ, ಹೊಸದು ಬಂತೆಂಬ ಜಂಬವಿಲ್ಲ. ತನ್ನ ಬೀದಿಯನ್ನು ಇಷ್ಟು ಪ್ರೀತಿಯಿಂದ, ಇಷ್ಟು ಸಮಾಧಾನದಿಂದ ನೋಡುವವನನ್ನು ನಾನು ಎಲ್ಲೂ ಕಂಡಿರಲಿಲ್ಲ.

"ನೀವು ಏನು ನೋಡಿ ಏರಿಯಾ ಆರಿಸ್ತೀರಿ?" ಎಂದು ಅವನು ಕೇಳಿದ.

"ಜನರ ಕಣ್ಣು. ಹೊಸ ಕಾಲು ಹಾಕಿಸ್ಕೊಂಡೋರು ಮೊದಮೊದಲು ನೆಲ ನೋಡ್ಕೊಂಡೇ ನಡೀತಾರೆ. ಯಾವತ್ತು ತಲೆ ಎತ್ತುತ್ತಾರೋ ಅವತ್ತು ನನ್ನ ಕೆಲಸ ಮುಗೀತು. ಬೀದಿನೂ ಅಷ್ಟೇ. ಫುಟ್‌ಪಾತ್ ಮೇಲೆ, ಅಕ್ಕಪಕ್ಕದೋರ ಮೇಲೆ ನಂಬಿಕೆ ಇದ್ದರೆ ಯಾರೂ ನೆಲ ನೋಡಿ ನಡೆಯಲ್ಲ."

ಅವನು ನಿಂತುಬಿಟ್ಟ. ಎದುರಿಗೆ ಬರುತ್ತಿದ್ದ ಮುದುಕಿಯನ್ನು, ಆಮೇಲೆ ಸೈಕಲ್ ತಳ್ಳಿಕೊಂಡು ಬಂದವನನ್ನು ದಿಟ್ಟಿಸಿದ. "ಇಷ್ಟು ವರ್ಷ ಬಾಗಿಲುಗಳನ್ನೇ ನೋಡಿದೆ. ಇದು ಹೊಳೀಲೇ ಇಲ್ಲ ನೋಡಿ."

ಆ ಮೆಚ್ಚುಗೆ ಎಷ್ಟು ನೇರವಾಗಿತ್ತೆಂದರೆ ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಕೆಳಗೆ ನೋಡಿದೆ. "ನಿಮ್ಮ ಎಡಗಾಲಿನ ಚಪ್ಪಲಿ ಹಿಮ್ಮಡಿ ಸವೆದಿದೆ. ಚೀಲ ಯಾವಾಗಲೂ ಒಂದೇ ಹೆಗಲಿಗೆ ಹಾಕ್ತೀರಿ."

"ಈಗ ನೆಲ ನೋಡ್ತಿರೋದು ಯಾರು?" ಎನ್ನುತ್ತಾ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ. ಈ ಸಲ ನಗು ತುಟಿಗೂ ಬಂತು.

ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. "ಮೇಡಂ, ನಾನು ಬ್ರೋಕರ್. ತಡವಾಯ್ತು, ಈಗ ಬಂದೆ. ಎಲ್ಲಿದೀರಾ? ಕೀಲಿ ಕಳೆದುಹೋಗಿತ್ತು ಅಂತ ಬೀಗ ರಿಪೇರಿಯವನನ್ನ ಕಳಿಸಿದ್ದೆ, ಅವನೂ ಕಾಣ್ತಿಲ್ಲ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಫೋನ್ ಇಟ್ಟು ಪಕ್ಕದಲ್ಲಿದ್ದವನತ್ತ ತಿರುಗಿದೆ. "ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ? ಬಾಯಿಗೂ ಬೀಗ ಹಾಕ್ಕೊಂಡಿದ್ರಾ?"

"ಹೇಳಿದ್ರೆ ನೀವು ಹೊರಟುಹೋಗ್ತಿದ್ರಿ," ಎಂದ, ತಪ್ಪಿತಸ್ಥನ ಹಾಗೆ. ನಾನು ಸರಸರನೆ ನಡೆದು ಬಸ್ ಹತ್ತಿದೆ. ಅವತ್ತು ಸಂಜೆಯೆಲ್ಲ ಬೈದುಕೊಂಡೆ, ಅವನನ್ನಲ್ಲ, ನನ್ನನ್ನು. ಅವನ ಅಂಗಡಿ ಎಲ್ಲಿದೆ ಎಂದಾದರೂ ಕೇಳಬೇಕಿತ್ತು.

ಗುರುವಾರ ಚಿಕ್ಕಮ್ಮ ಬಂದಿಳಿದಳು. ಹೊಳೆಯಾಚೆಯ ಕ್ವಾರ್ಟರ್ಸ್ ನೋಡಿ, "ಚೆನ್ನಾಗಿದೆ, ಥೇಟ್ ಆಸ್ಪತ್ರೆ ವಾರ್ಡು. ಇಲ್ಲಿದ್ರೆ ನಾಲ್ಕೇ ದಿನಕ್ಕೆ ಕಾಯಿಲೆ ಬೀಳ್ತೀನಿ," ಎಂದಳು. ನಾನು ಆ ಏಳು ಬೀದಿಗಳ ವಿಷಯ ತೆಗೆದೆ. ಹತ್ತು ಮಾತಿನಲ್ಲಿ ಎಂಟು ಅವನ ಬಗ್ಗೆಯೇ ಆಗಿದ್ದವೆಂದು ನನಗೆ ಗೊತ್ತಾಗಲಿಲ್ಲ. ಚಿಕ್ಕಮ್ಮನಿಗೆ ಗೊತ್ತಾಯಿತು.

"ಮನೆ ನೋಡಿದ್ಯೋ, ಮನೆ ತೋರಿಸಿದೋನನ್ನ ನೋಡಿದ್ಯೋ?"

"ಸುಮ್ನಿರು ಚಿಕ್ಕಮ್ಮ."

"ಬೀಗ ರಿಪೇರಿಯೋರ ಜೊತೆ ಬೀಗತನ. ಇದೊಂದು ಬಾಕಿ ಇತ್ತು ನಮಗೆ."

ಶುಕ್ರವಾರ ಬೆಳಗ್ಗೆ ನಿಜವಾದ ಬ್ರೋಕರ್ ಅದೇ ಏರಿಯಾದಲ್ಲಿ ಬೀದಿ ಕೊನೆಯ ಮನೆಯೊಂದನ್ನು ತೋರಿಸಿದ. ನೆಲಮಹಡಿ, ಎರಡು ಕೋಣೆ, ಮುಂದೆ ಒಂದು ಕಟ್ಟೆ. ಒಳಗೆ ಕಾಲಿಟ್ಟ ಕೂಡಲೇ ನನ್ನ ಮನಸ್ಸು ಅಲ್ಲಿ ಕೂತುಬಿಟ್ಟಿತು. ಚಿಕ್ಕಮ್ಮನಂತೂ ಬಸ್‌ಸ್ಟಾಪಿನಿಂದ ಕಂಡವರ ಕಿಟಕಿಯೊಳಗೆಲ್ಲ ಇಣುಕುತ್ತಾ ಬಂದು, ಪಕ್ಕದ ಮನೆಯವಳ ಹೆಸರು, ಅವಳ ಸೊಸೆಯ ಹೆಸರು ತಿಳಿದುಕೊಂಡೂ ಆಗಿತ್ತು. ನನಗೆ ಮಾತ್ರ ಇನ್ನೊಂದು ಅಭಿಪ್ರಾಯ ಬೇಕಿತ್ತು. ಬ್ರೋಕರನಿಂದ ಬೀಗ ರಿಪೇರಿಯವನ ನಂಬರ್ ಇಸಿದುಕೊಂಡು ಫೋನ್ ಮಾಡಿದೆ. ಬೀಗ ತೆಗೆಯಲಲ್ಲ, ಬಾಯಿ ತೆಗೆಯಲು ಬನ್ನಿ ಎಂದೆ.

ಹತ್ತು ನಿಮಿಷದಲ್ಲಿ ಬಂದ. ಕೂದಲು ನೀರು ಹಚ್ಚಿ ಬಾಚಿಕೊಂಡಿದ್ದು ಕಾಣುತ್ತಿತ್ತು. ಬ್ರೋಕರ್ ತನಗೆ ಫೋನ್ ಬಂತೆಂದು ಹೊರಗೆ ಹೋದ, ಚಿಕ್ಕಮ್ಮ ನಲ್ಲಿ ನೋಡುವ ನೆಪದಲ್ಲಿ ಅಡುಗೆಮನೆಗೆ ಸರಿದಳು.

"ಗೋಡೆ ಸ್ವಲ್ಪ ತಣ್ಣಗಿರುತ್ತೆ," ಎಂದು ಶುರುಮಾಡಿದ. "ಎದುರಿನ ಮರ ತುಂಬಾ ಎಲೆ ಉದುರಿಸುತ್ತೆ. ಆಚೆ ಸೈಟಲ್ಲಿ ಕಟ್ಟಡ ಬಂದ್ರೆ ಬೆಳಕು ಕಡಿಮೆ ಆಗುತ್ತೆ. ಇನ್ನು ಹತ್ತು ವರ್ಷಕ್ಕೆ ಈ ಬೀದಿನೇ ಹೀಗಿರಲ್ಲ."

"ಹತ್ತು ವರ್ಷಕ್ಕೆ ನಾನೂ ಹೀಗಿರಲ್ಲ. ಬೇರೆ?"

"ಬೇರೆ..." ಅವನು ಗೋಡೆ ಸವರಿದ, ಕಿಟಕಿ ಹಾಕಿ ತೆಗೆದ. "ಈ ಕಿಟಕಿ ಕಿರುಗುಟ್ಟುತ್ತೆ." ಅದು ಕಿರುಗುಟ್ಟಲಿಲ್ಲ.

ನನಗೆ ತಡೆಯಲಾಗಲಿಲ್ಲ. "ನಾನು ಇಲ್ಲಿಗೆ ಬರೋದು ನಿಮಗೆ ಇಷ್ಟ ಇಲ್ಲ ಅಂತ ನೇರವಾಗಿ ಹೇಳಿಬಿಡಿ. ನಾಳೆ ಕ್ವಾರ್ಟರ್ಸಿಗೆ ಹೂಂ ಅಂದುಬಿಡ್ತೀನಿ."

ಅವನು ತಿರುಗಿದ. ಮುಖ ಬಿಳಿಚಿಕೊಂಡಿತ್ತು.

"ಈ ಮನೆ ವಿಷಯದಲ್ಲಿ ನನ್ನ ಮಾತು ನಂಬಬೇಡಿ," ಎಂದ. "ಬೇರೆ ಯಾರನ್ನಾದ್ರೂ ಕೇಳಿ. ನೀವು ಇಲ್ಲಿಗೇ ಬರಲಿ ಅಂತ ನಾಲ್ಕು ದಿನದಿಂದ ಆಸೆಪಡ್ತಿದೀನಿ. ಹಾಗಿರುವಾಗ ಈ ಮನೆಯ ಒಳ್ಳೇದು ಹೇಳೋಕೆ ನನಗೆ ಹಕ್ಕಿಲ್ಲ. ಹೇಳಿದ್ರೆ ಅದು ನನಗೋಸ್ಕರ ಹೇಳಿದ ಹಾಗಾಗುತ್ತೆ."

ಎಷ್ಟೋ ಮಾತು ಕೇಳಿದ್ದೇನೆ ಈ ಬದುಕಿನಲ್ಲಿ. ಇಷ್ಟು ಚೆಂದದ ಮಾತನ್ನು ಕೇಳಿರಲಿಲ್ಲ. ಕಣ್ಣು ತುಂಬಿಕೊಂಡವು, ಒರೆಸಿಕೊಳ್ಳಲಿಲ್ಲ.

"ಮನೆಯ ಲೋಪ ಕೇಳಿದ್ದಾಯ್ತು," ಎಂದೆ. "ಇನ್ನು ಮನುಷ್ಯನದು ಹೇಳಿ."

ತಮಾಷೆ ಎಂದುಕೊಳ್ಳದೆ ನಿಜಕ್ಕೂ ಯೋಚಿಸಿದ. "ವಯಸ್ಸು ನಲವತ್ತೊಂದು. ಬೆಳಗ್ಗೆ ಹತ್ತರ ತನಕ ಮಾತೇ ಹೊರಡಲ್ಲ. ಹಿಂದೆ ಒಬ್ಬಳ ಜೊತೆ ಮದುವೆ ಗೊತ್ತಾಗಿತ್ತು. ಬೇರೆ ಊರಿಗೆ ಹೋಗೋಣ ಅಂದಳು. ನನಗೆ ಈ ಬೀದಿ ಬಿಡೋಕೆ ಆಗಲಿಲ್ಲ. ಅವಳದೇನೂ ತಪ್ಪಿಲ್ಲ, ನಾನೇ ಮೊಂಡ. ಗೊರಕೆನೂ ಹೊಡೀತೀನಂತೆ, ತಮ್ಮ ಹೇಳ್ತಾನೆ."

"ಗೊರಕೆ ಇವಳದೂ ಇದೆ," ಎಂದಳು ಚಿಕ್ಕಮ್ಮ ಅಡುಗೆಮನೆಯಿಂದ. "ನಲ್ಲಿ ಚೆನ್ನಾಗಿದೆ."

ನಾನು ಫೋನ್ ತೆಗೆದೆ. ಅವನ ಎದುರಿಗೇ ಆಸ್ಪತ್ರೆಯ ಆಫೀಸಿಗೆ ಹಚ್ಚಿ, ಕ್ವಾರ್ಟರ್ಸ್ ಬೇಡ, ಬೇರೆಯವರಿಗೆ ಕೊಡಿ ಎಂದೆ. ಆಚೆಯವರು ಯೋಚನೆ ಮಾಡಿದ್ದೀರಾ ಎಂದು ಎರಡು ಸಲ ಕೇಳಿದರು. ಮಾಡಿದ್ದೇನೆ ಎಂದು ಎರಡು ಸಲವೂ ಹೇಳಿದೆ. ಅವನು ಕಿಟಕಿ ಸರಳು ಬಿಗಿಯಾಗಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ. ನಾನೂ ನೋಡಿದೆ. ಇಬ್ಬರೂ ಕಣ್ಣು ಸರಿಸಲಿಲ್ಲ.

"ಇನ್ನೂ ಇವೆ," ಎಂದ ಅವನು ಕೊನೆಗೆ, ಮೆಲ್ಲಗೆ.

"ಏನು?"

"ಲೋಪಗಳು. ಸುಮಾರು ಇವೆ."

"ಎಲ್ಲಾ ಇವತ್ತೇ ಹೇಳಬೇಡಿ," ಎಂದೆ. "ದಿನಕ್ಕೊಂದು ಸಾಕು. ನಾನು ಇಲ್ಲೇ ಇರ್ತೀನಿ."