ಗಾಳಿ ಸೋಕಬಾರದ ಕೆಸರು

ಮುಂಬಯಿಯ ಸಯನ್ನಿನ ಲ್ಯಾಬಿನಲ್ಲಿ ನೀಲಾವತಿ ಮೂರು ವರ್ಷ ಸಾಕಿದ್ದ ಬ್ಯಾಕ್ಟೀರಿಯಾಗಳು, ಒಂದು ಮುಚ್ಚಳ ಸಡಿಲವಾದದ್ದಕ್ಕೆ ಸತ್ತುಹೋದವು. ನಮಗೆ ಜೀವ ಕೊಡುವ ಗಾಳಿ ಅವಕ್ಕೆ ವಿಷ. ಗಂಧಕದ ಲವಣವನ್ನೇ ಉಸಿರಾಡಿಕೊಂಡು, ಕಾರ್ಖಾನೆ ನೀರಿನ ಸೀಸವನ್ನು ಕಟ್ಟಿಹಾಕುವ ಗಟ್ಟಿ ಜಾತಿ. ಮತ್ತೆ ಸಿಗುವುದು ಸಮುದ್ರದ ನೀರು ಒಳನುಗ್ಗುವ ದಹಿಸರ್‌ನ ಖಾರಿಯಲ್ಲಿ, ಅಮಾವಾಸ್ಯೆಯ ಇಳಿತಕ್ಕೆ ಮಾತ್ರ. ಮುಂದಿನ ಅಮಾವಾಸ್ಯೆಯೊಳಗೆ ಗಡುವು ಮುಗಿಯುತ್ತದೆ; ಇಂದು ತಪ್ಪಿದರೆ ಅವಳ ಸಂಶೋಧನೆಗೆ ಎಳ್ಳುನೀರು.

ಬೆಳಿಗ್ಗೆ ಆರಕ್ಕೆ ಲಾಲಸಾಬನ ದೋಣಿ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನೊಳಗೆ ನುಗ್ಗಿತು. ಎರಡೂ ದಡದಲ್ಲಿ ಕೆಸರಿನಿಂದ ಬೇರುಗಳು ಬೆರಳುಗಳಂತೆ ಎದ್ದು ನಿಂತಿದ್ದವು. ದೂರದಲ್ಲಿ ಲೋಕಲ್ ರೈಲು ಓಡುವ ಸದ್ದು ಕೇಳುತ್ತಿತ್ತು, ಆದರೆ ಕೂಗಿದರೆ ಓಗೊಡಲು ಒಂದು ನರಪಿಳ್ಳೆಯೂ ಇರಲಿಲ್ಲ.

ಲ್ಯಾಬಿನ ಸಹಾಯಕ ಅಣ್ಣು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಲಾಲಸಾಬನ ಕೈಗೆ ಕೊಟ್ಟು ಕೆಸರಿಗಿಳಿದ. ಮೊಣಕೈ ಆಳದಿಂದ ಕಪ್ಪು ರಾಡಿ ತುಂಬಿ, ಬಾಟ್ಲಿ ಎತ್ತಿ ತೋರಿಸಿದ.

ಮೇಲೆ ಎರಡು ಬೆರಳು ಜಾಗ ಖಾಲಿ!

ಲ್ಯಾಬಿಗೆ ಸೇರುವ ಮುನ್ನ ಇಪ್ಪತ್ತು ವರ್ಷ ಮಾಟುಂಗದ ಹೋಟೆಲಿನಲ್ಲಿ ಸಾಂಬಾರು ಪಾರ್ಸೆಲ್ ಮಾಡಿದ ಕೈ. ಚೆಲ್ಲದಂತೆ ಜಾಗ ಬಿಟ್ಟಿತ್ತು.

"ಅಣ್ಣುವಣ್ಣ, ಅಲ್ಲಿ ಗಾಳಿ ನಿಂತಿದೆ! ಎಲ್ಲ ಸಾಯ್ತಾವೆ!"

"ಅಯ್ಯೋ ದೇವರೇ! ತಡೀರಿ ಮೇಡಮ್, ಇನ್ನೊಂದು ತುಂಬ್ತೇನೆ."

"ಬಾಯಾರ, ನೀರು ಏರಾಕತ್ತೈತ್ರಿ!" ಲಾಲಸಾಬ ಕೂಗಿದ.

ಅಣ್ಣು ಹೊಸ ಬಾಟ್ಲಿ ಹಿಡಿದು ಎರಡು ಹೆಜ್ಜೆ ಮುಂದಿಟ್ಟ. ತೊಡೆಯವರೆಗೆ ಹೂತುಹೋದ. ಹೊರಳಿದ, ಸೊಂಟದವರೆಗೆ ಇಳಿದ. ಹಗ್ಗ ಬೇರಿಗೆ ಸಿಕ್ಕಿಕೊಂಡಿತು. ನೀರು ಎದೆ ಮುಟ್ಟಿತು.

ನೀಲಾವತಿಗೆ ಈಜು ಬಾರದು. ಆದರೂ ದೋಣಿಯ ಹಲಗೆ ಕೆಸರಿಗೆಸೆದು, ಅದರ ಮೇಲೆ ಬೋರಲು ಮಲಗಿ ತೆವಳಿದಳು.

"ಬಾಟ್ಲಿ ಬಿಡಿ! ಕೈ ಕೊಡಿ!"

"ನಿಮ್ಮ ಮೂರು ವರ್ಷ ಮಾರಾಯ್ರೆ!"

"ಸುಡುಗಾಡು ಮೂರು ವರ್ಷ! ಕೈ ಕೊಡಿ!"

ಬೇರಿನಿಂದ ಹಗ್ಗ ಬಿಡಿಸಿದಳು. ನೀರು ಅಣ್ಣುವಿನ ಗದ್ದಕ್ಕೆ ಬಂತು. ಅವನು ಒಂದು ಕೈ ಕೊಟ್ಟ, ಇನ್ನೊಂದು ನೀರಿನಡಿಯಲ್ಲೇ ಇತ್ತು. ಲಾಲಸಾಬ ಹಲ್ಲು ಕಚ್ಚಿ ಹಗ್ಗ ಜಗ್ಗಿದ. ಒಮ್ಮೆ. ಎರಡು ಸಲ. ಮೂರನೆಯದಕ್ಕೆ ಕೆಸರು ಚಪ್ಪಲಿಗಳನ್ನಷ್ಟೇ ಇಟ್ಟುಕೊಂಡು ಮನುಷ್ಯನನ್ನು ಬಿಟ್ಟುಕೊಟ್ಟಿತು.

ಮೂವರೂ ದಡ ಸೇರಿದರು. ಅಣ್ಣುವಿನ ಎಡಮುಷ್ಟಿ ಮರಗಟ್ಟಿತ್ತು. ನೀಲಾವತಿ ಒಂದೊಂದೇ ಬೆರಳು ಬಿಡಿಸಿದಳು. ಒಳಗೆ ಬಾಟ್ಲಿ, ಕಂಠದವರೆಗೆ ಕರಿ ಕೆಸರು, ಒಂದು ಗುಳ್ಳೆಯೂ ಇಲ್ಲ. ಕೈ ಕೊಡುವ ಮುನ್ನವೇ, ಗಾಳಿ ಸೋಕದಂತೆ ನೀರಿನಡಿಯಲ್ಲೇ ಮುಚ್ಚಳ ತಿರುಗಿಸಿದ್ದ.

ಬೈಯಲೆಂದು ಅವಳು ಬಾಯಿ ತೆರೆದಳು. ಅಳು ಬಂತು. ಬಾಟ್ಲಿಯನ್ನು ಲಾಲಸಾಬನಿಗೆ ಕೊಟ್ಟು, ಅಣ್ಣುವಿನ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದು, ಅದು ಬೆಚ್ಚಗಾಗುವವರೆಗೂ ತಿಕ್ಕುತ್ತ ಕುಳಿತಳು.